ಪ್ರಾಚೀನ ವಿದ್ಯಾಸ್ಥಾನಗಳಲ್ಲಿ ಛಾತ್ರರ ಜೀವಿತವೂ ನಾಣ್ಯವೂ

ಇಂದಿನ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಕಾಸನ್ನು ಕೈಯಲ್ಲಿ ಹಿಡಿಯದೆಯೇ ತಿಂಗಳುಗಳನ್ನು ಕಳೆಯಬಲ್ಲರು. ಕ್ರಿ. ಶ. ೨೦೧೬ರ ಏಪ್ರಿಲಿನಲ್ಲಿ ಯುಪಿಐ ಎಂಬ ಹಣಪಾವತಿಯ ಕ್ರಮವು ಭಾರತದಲ್ಲಿ ಪ್ರವರ್ತಿತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ೫೦೦ ಮತ್ತು ೧೦೦೦ ರೂಪಾಯಿಗಳ ಹಳೆಯ ನೋಟುಗಳ ಚಲಾವಣೆ ನಿಂತ ಮೇಲೆ, ಪುಸ್ತಕದ ಅಂಗಡಿಯಿಂದ ಚಹದ ಅಂಗಡಿಯವರೆಗೆ ಮೊಬೈಲಿನ ಮೂಲಕವೇ ಹಣ ಸಲ್ಲಿಸುವ ರೂಢಿ ಬೆಳೆಯಿತು. ಇದನ್ನು ಕುರಿತು ಎರಡು ಮಾತುಗಳು ಕೇಳಿಬರುತ್ತವೆ. ವಿದ್ಯಾರ್ಥಿಯು ನಾಣ್ಯವನ್ನು ಮುಟ್ಟದೆ ಬಾಳುವುದು ಹಿಂದೆಂದೂ ಇಲ್ಲದ ಸಂಗತಿಯೆಂಬುದು ಒಂದು. ಪೂರ್ವಕಾಲದಲ್ಲಿ ವಿದ್ಯೆಯು ಧರ್ಮಾರ್ಥವಾಗಿ ದೊರೆಯುತ್ತಿದ್ದುದರಿಂದ ವಿದ್ಯಾರ್ಥಿಗೆ ಹಣದ ಚಿಂತೆಯೇ ಇರಲಿಲ್ಲವೆಂಬುದು ಇನ್ನೊಂದು. ಪ್ರಮಾಣಗಳನ್ನು ಪರ್ಯಾಲೋಚಿಸಿದರೆ ಇವೆರಡೂ ನಿಲ್ಲತಕ್ಕವಲ್ಲ. ಕನ್ನಡ ನಾಡಿನಲ್ಲಿಯೂ ಅದರ ನೆರೆಯ ದೇಶಗಳಲ್ಲಿಯೂ ಸಾವಿರ ವರ್ಷಗಳ ಹಿಂದೆಯೇ ಛಾತ್ರನು ಬಹುಮಟ್ಟಿಗೆ ನಾಣ್ಯವಿಲ್ಲದೆ ಬಾಳುತ್ತಿದ್ದನು. ಆದರೆ ಆತನ ಅನ್ನಕ್ಕೆ ಲೆಕ್ಕವಿತ್ತು, ಆ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆಯಿಸಿಟ್ಟಿದ್ದಾರೆ. ಆ ಲೆಕ್ಕವನ್ನು ಹಿಡಿದವರಾರು, ವೆಚ್ಚವನ್ನು ಹೊತ್ತವರಾರು, ಛಾತ್ರನ ಸ್ವಂತ ಕೈಗೆ ಬಂದುದೆಷ್ಟು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಧರ್ಮಶಾಸ್ತ್ರಗಳ ಮತವು ಪ್ರಸಿದ್ಧವಾದುದು. ಬ್ರಹ್ಮಚಾರಿಯು ಭಿಕ್ಷೆಯಿಂದ ಜೀವಿಸತಕ್ಕವನು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದರ ವಿಧಿಗಳು ವಿಸ್ತಾರವಾಗಿ ಬಂದಿವೆ. ತಂದ ಭಿಕ್ಷೆಯನ್ನು ವಂಚನೆಯಿಲ್ಲದೆ ಗುರುವಿಗೆ ನಿವೇದಿಸಿದ ಬಳಿಕವೇ ಉಣ್ಣಬೇಕು. ಒಬ್ಬನೇ ಗೃಹಸ್ಥನ ಅನ್ನವನ್ನು ನಿತ್ಯವೂ ಉಣ್ಣಕೂಡದು. ಸಮಾವರ್ತನಕ್ಕೆ ಮುನ್ನ ಗುರುವಿಗೆ ಏನನ್ನೂ ಕೊಡಬೇಕಾದುದಿಲ್ಲ. ವ್ರತವು ಮುಗಿದು ಸ್ನಾತಕನಾಗುವಾಗ ಮಾತ್ರ ಶಕ್ತ್ಯನುಸಾರವಾಗಿ ಹೊಲ, ಹೊನ್ನು, ಹಸು, ಕುದುರೆ, ಕೊಡೆ, ಪಾದರಕ್ಷೆ, ಧಾನ್ಯ, ಬಟ್ಟೆ, ಏನೂ ಇಲ್ಲದಿದ್ದರೆ ಕಾಯಿಪಲ್ಯವನ್ನಾದರೂ ಒಪ್ಪಿಸಬೇಕು. ಕೂಲಿ ಪಡೆದು ಪಾಠ ಹೇಳುವ ಭೃತಕಾಧ್ಯಾಪಕನೂ, ಕೂಲಿ ಕೊಟ್ಟು ಓದಿದವನೂ ಶ್ರಾದ್ಧಪಂಕ್ತಿಗೆ ಅನರ್ಹರು. ಈ ವಿಧಿಗಳಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಭಿಕ್ಷಾನ್ನವು ಬೇಡಿ ತಂದವನದಲ್ಲ. ಅದು ಗುರುಕುಲದ ಸೊತ್ತು. ಶಿಷ್ಯನ ಕೈಯಿಂದ ಗುರುವಿನ ಕೈಗೆ ಹೋಗಿ, ಅಲ್ಲಿಂದ ಪಾಲಾಗಿ ಮರಳಿ ಬರುವಂಥದು. ಸಂಪಾದನೆ ಶಿಷ್ಯನದು, ವಿನಿಯೋಗದ ಅಧಿಕಾರ ಗುರುವಿನದು ಎಂಬ ಈ ವಿಭಾಗವೇ ಮುಂದೆ ಶಾಸನಕಾಲದಲ್ಲಿ ಬೇರೆ ರೂಪವನ್ನು ತಾಳಿ ಕಾಣಿಸಿಕೊಳ್ಳುತ್ತದೆ.

ಗುರುದಕ್ಷಿಣೆಯಾದರೋ ಒಂದು ವಿಧದಲ್ಲಿ ಮುಂದಕ್ಕೆ ಹಾಕಲ್ಪಟ್ಟ ಋಣವೇ ಸರಿ. ರಘುವಂಶದ ಐದನೆಯ ಸರ್ಗದಲ್ಲಿ ವರತಂತುವಿನ ಶಿಷ್ಯನಾದ ಕೌತ್ಸನು ಹದಿನಾಲ್ಕು ಕೋಟಿ ಹೊನ್ನಿಗಾಗಿ ರಘುವಿನ ಬಾಗಿಲಿಗೆ ಬಂದುದು ಕವಿಕಲ್ಪನೆಯ ಅತಿಶಯವಾಗಿರಬಹುದು. ಆದರೆ ಓದು ಮುಗಿಸಿದವನು ದಕ್ಷಿಣೆಗಾಗಿ ಧನಿಕರ ಮನೆಗಳನ್ನು ಅಲೆಯುತ್ತಿದ್ದುದು ಕಲ್ಪನೆಯಲ್ಲ. ಪಾಲಿಯ ಜಾತಕಕಥೆಗಳಲ್ಲಿಯೂ ಇಂಥ ಅಲೆದಾಟದ ವೃತ್ತಾಂತವಿದೆ. ಅವೇ ಕಥೆಗಳಲ್ಲಿ ತಕ್ಷಶಿಲೆಯ ಆಚಾರ್ಯರ ಬಳಿ ಇದ್ದ ಎರಡು ಬಗೆಯ ಶಿಷ್ಯರು ಕಾಣಿಸುತ್ತಾರೆ. ಆಚಾರ್ಯಭಾಗವನ್ನು ಮೊದಲೇ ಕೊಡುವವರು ಒಂದು ಬಗೆ. ಕೊಡಲಾರದೆ ಧರ್ಮಾಂತೇವಾಸಿಗಳಾಗಿ ಗುರುವಿನ ಮನೆಗೆಲಸ ಮಾಡಿ ಓದುವವರು ಇನ್ನೊಂದು ಬಗೆ. ತಿಲಮುಟ್ಠಿಜಾತಕದಲ್ಲಿ ಕಾಶಿಯ ರಾಜಕುಮಾರನು ಬಂದೊಡನೆ ಆಚಾರ್ಯನು, ಸಾವಿರ ಕಹಾಪಣಗಳನ್ನು ತಂದಿರುವೆಯೋ ಇಲ್ಲವೆ ಸೇವೆಯಿಂದ ಕಲಿಯುವೆಯೋ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳುತ್ತಾನೆ. ಹಣ ಕೊಟ್ಟವನಿಗೆ ಮನೆಯ ಹಿರಿಯ ಮಗನ ಸ್ಥಾನ. ಕೊಡದವನಿಗೆ ಹಗಲೆಲ್ಲ ಕೆಲಸ, ರಾತ್ರಿ ಪಾಠ. ಧರ್ಮಾರ್ಥವೆಂಬ ಮಾತಿನ ಹಿಂದೆ ದೇಹಶ್ರಮದ ಬೆಲೆ ಇದ್ದಿತೆಂಬುದನ್ನು ಮರೆಯಲಾಗದು.

ಶಿಲ್ಪವಿದ್ಯೆಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿರುವ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಶಿಲ್ಪದ ಅಂತೇವಾಸಿಯ ಧರ್ಮವು ಉಕ್ತವಾಗಿದೆ. ಆತನು ಗುರುವಿನ ಮನೆಯಲ್ಲಿ ಗೊತ್ತಾದ ಕಾಲದವರೆಗೂ ಇರತಕ್ಕದ್ದು. ಕೆಲಸವನ್ನು ಬೇಗನೆ ಕಲಿತರೂ ಅವಧಿಗೆ ಮುನ್ನ ಹೊರಡಕೂಡದು. ಊಟ ಗುರುವಿನದು, ಕೆಲಸದಿಂದ ಬಂದ ಫಲವೂ ಗುರುವಿನದು. ಈ ಒಪ್ಪಂದದಲ್ಲಿ ನಾಣ್ಯದ ಹೆಸರೇ ಇಲ್ಲ. ವೇದಶಾಸ್ತ್ರಗಳನ್ನು ಓದಿದ ಛಾತ್ರರ ವಿಷಯವನ್ನು ಮಾತ್ರವೇ ವಿದ್ಯಾಭ್ಯಾಸದ ಚರಿತ್ರೆಯೆಂದು ಎಣಿಸುವ ರೂಢಿ ವಿದ್ವಾಂಸರಲ್ಲಿ ಬೇರೂರಿದೆ. ಉಳಿ ಸುತ್ತಿಗೆಗಳನ್ನು ಹಿಡಿದು ಕಲಿತವರೂ ಛಾತ್ರರೇ.

ಅನ್ನದ ಆಸೆಯು ವಿದ್ಯಾಸ್ಥಾನಗಳನ್ನು ತುಂಬಿಸುತ್ತಿತ್ತೆಂಬುದಕ್ಕೆ ವೈಯಾಕರಣರಿಗಿಂತ ನಿಷ್ಪಕ್ಷಪಾತಿಗಳಾದ ಸಾಕ್ಷಿಗಳು ದೊರೆಯುವುದು ಕಷ್ಟ. ಅವರ ಉದ್ದೇಶ ಸಮಾಜವನ್ನು ವರ್ಣಿಸುವುದಲ್ಲ, ಸ್ವರವನ್ನು ವಿಧಿಸುವುದು. ಪಾಣಿನಿಯ ಆರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅಂತೇವಾಸಿಗಳನ್ನು ನಿಂದಿಸುವ ಸಮಾಸಗಳಲ್ಲಿ ಪೂರ್ವಪದವು ಆದ್ಯುದಾತ್ತವಾಗುತ್ತದೆಂದು ಹೇಳುವ ಸೂತ್ರವುಂಟು. ಅದಕ್ಕೆ ಕಾಶಿಕಾವೃತ್ತಿಯಲ್ಲಿ ಓದನಪಾಣಿನೀಯ, ಘೃತರೌಢೀಯ, ಕಂಬಲಚಾರಾಯಣೀಯ ಎಂಬ ಉದಾಹರಣೆಗಳಿವೆ. ಅನ್ನ ದೊರೆಯುತ್ತದೆಂದು ಪಾಣಿನೀಯವನ್ನು ಓದುವವನು, ತುಪ್ಪದ ಆಸೆಗೆ ರೌಢಿಯ ಶಾಸ್ತ್ರಕ್ಕೆ ಸೇರಿದವನು, ಕಂಬಳಿಗಾಗಿ ಚಾರಾಯಣನ ಶಿಷ್ಯನಾದವನು ಎಂದು ಅರ್ಥ. ಭಿಕ್ಷೆ ಸಿಕ್ಕೀತೆಂದು ಮಾಣವಕನಾದವನಿಗೆ ಭಿಕ್ಷಾಮಾಣವನೆಂಬ ಹೆಸರು. ಈ ಶಬ್ದಗಳಲ್ಲಿ ಮೊದಲಿನ ಮೂರು ಪತಂಜಲಿಯ ಮಹಾಭಾಷ್ಯದಲ್ಲಿಯೇ ಬಂದಿರುವುದರಿಂದ, ಕ್ರಿಸ್ತಪೂರ್ವದಲ್ಲಿಯೇ ಇವು ಜನರ ಬಾಯಲ್ಲಿ ಇದ್ದ ಹಾಸ್ಯದ ನುಡಿಗಳೆಂದು ಊಹಿಸಲು ಅವಕಾಶವಿದೆ. ಒಂದೊಂದು ಶಾಖೆಯವರಲ್ಲಿ ಒಂದೊಂದು ವಸ್ತುವು ಹೇರಳವಾಗಿದ್ದು, ಬಡ ಹುಡುಗನು ಯಾವ ಶಾಸ್ತ್ರವನ್ನು ಓದಬೇಕೆಂಬುದನ್ನು ಅಲ್ಲಿಯ ಅಡಿಗೆಯ ಮನೆಯನ್ನು ನೋಡಿ ನಿರ್ಣಯಿಸುತ್ತಿದ್ದನೆಂಬುದು ಇದರ ತಾತ್ಪರ್ಯ. ನಿಂದೆ ಮಾಡಿದವರು ಹೊಟ್ಟೆ ತುಂಬಿದವರೆಂಬುದನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಚಳಿಗಾಲದಲ್ಲಿ ಕಂಬಳಿಯಿಲ್ಲದವನು ಕಂಬಳಿಯಿರುವ ಕಡೆಗೆ ಹೋಗುವುದು ಅಪರಾಧವೆನ್ನುವಂತಿಲ್ಲ.

ಶಾಸನಕಾಲಕ್ಕೆ ಬಂದರೆ ಭಿಕ್ಷೆಯ ಸ್ಥಾನವನ್ನು ದತ್ತಿಯು ಆಕ್ರಮಿಸುತ್ತದೆ. ಕದಂಬವಂಶದ ಮೂಲಪುರುಷನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಓದಲು ಹೋದುದನ್ನು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಅಲ್ಲಿ ಆತನಿಗೆ ಉಣಿಸು ಹೇಗೆ ಒದಗಿತೆಂಬುದನ್ನು ಮಾತ್ರ ಕವಿಯು ಹೇಳುವ ಗೋಜಿಗೆ ಹೋಗಿಲ್ಲ. ಅದೇ ಕಾಂಚಿಯನ್ನು ಎಂಟನೆಯ ಶತಮಾನದಲ್ಲಿ ಗೆದ್ದ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಅಲ್ಲಿಯ ಕೈಲಾಸನಾಥ ದೇವಾಲಯದಲ್ಲಿ ಬರೆಯಿಸಿದ ಕನ್ನಡ ಶಾಸನದಲ್ಲಿ, ಧರ್ಮವನ್ನು ಅಳಿದವರಿಗೆ ಘಟಿಕೆಯ ಮಹಾಜನರನ್ನು ಕೊಂದವರ ಗತಿಯು ಬರಲೆಂದು ಶಾಪವಿದೆ. ಗೆದ್ದ ಅರಸನ ದೃಷ್ಟಿಯಲ್ಲಿಯೂ ಘಟಿಕೆಯು ಎಷ್ಟು ಪೂಜ್ಯವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಛಾತ್ರನ ಅನ್ನದ ಲೆಕ್ಕಕ್ಕೆ ಹತ್ತನೆಯ ಶತಮಾನದವರೆಗೆ ಕಾಯಬೇಕು.

ಬಿಜಾಪುರ ಸೀಮೆಯ, ಎಂದರೆ ಈಗಿನ ವಿಜಯಪುರ ಜಿಲ್ಲೆಯ, ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನವು ಶಕವರ್ಷ ೮೬೭ರದು, ಕ್ರಿ. ಶ. ೯೪೫. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಈ ಗ್ರಾಮದಲ್ಲಿ ತ್ರೈಪುರುಷ ದೇವಾಲಯದೊಡನೆ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕಾಗಿ ೨೭ ಮನೆಗಳಿದ್ದವು. ಶಾಲೆಗೆ ೫೦೦ ನಿವರ್ತನ ಭೂಮಿಯು ಮಾನ್ಯವಾಗಿ ಸಂದಿತು. ದೀಪಕ್ಕೆ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ. ಈ ಅಂಕಿಗಳನ್ನು ಓದಿ ದಾತೃವಿನ ಔದಾರ್ಯವನ್ನು ಹೊಗಳಿ ಮುಂದೆ ಸಾಗುವುದು ವಾಡಿಕೆ. ಆದರೆ ದೀಪಕ್ಕೆ ಬೇರೆಯಾಗಿ ಹೊಲವನ್ನೇ ಬಿಟ್ಟುದರಲ್ಲಿ ಒಂದು ಅರ್ಥವಿದೆ. ಅನ್ನವನ್ನು ಊರಿನ ಮನೆಗಳಿಂದ ಬೇಡಿ ತರಬಹುದು. ರಾತ್ರಿ ಓದುವುದಕ್ಕೆ ಬೇಕಾದ ಎಣ್ಣೆಯನ್ನು ಬೇಡಲಾಗದು, ಅದನ್ನು ಗಾಣಿಗನಿಂದ ಪಡೆಯಬೇಕು. ವಿದ್ಯಾರ್ಥಿಗೆ ಕಾಸಿನ ಅಗತ್ಯವು ಮೊದಲು ತಲೆದೋರುವ ಸ್ಥಾನವೇ ದೀಪ. ಆ ಅಗತ್ಯವನ್ನು ೧೨ ನಿವರ್ತನದ ಬೆಳೆಯಿಂದ ಮುಂಚಿತವಾಗಿಯೇ ತಡೆದುಬಿಟ್ಟ ವ್ಯವಸ್ಥೆಯಿದು. ಶಾಲೆಯನ್ನು ನಡೆಯಿಸಿ ಬಲ್ಲವನೇ ಈ ಒಕ್ಕಣೆಯನ್ನು ಹೇಳಿ ಬರೆಯಿಸಿರಬೇಕು.

ಅದೇ ಶಾಸನದ ಇನ್ನೊಂದು ಕಟ್ಟಳೆಯು ಇದಕ್ಕಿಂತಲೂ ವಿಚಾರಾರ್ಹವಾದುದು. ಊರಿನವರು ತಮ್ಮ ಮನೆಯ ಒಂದೊಂದು ಮದುವೆಗೆ ಐದು ನಾಣ್ಯಗಳನ್ನೂ, ಉಪನಯನಕ್ಕೆ ಅದರರ್ಧವನ್ನೂ, ಚೌಲಕ್ಕೆ ಅದಕ್ಕಿಂತ ಕಡಿಮೆಯಾದ ಮೊತ್ತವನ್ನೂ ಶಾಲೆಗೆ ಕೊಡಬೇಕು. ಔತಣವು ನಡೆದರೆ ಶಾಲೆಯವರಿಗೂ ಯಥಾಶಕ್ತಿಯಾಗಿ ಊಟ ಹಾಕಬೇಕು. ಪಾವಿಟ್ಟಗೆಯಲ್ಲಿ ನಾಣ್ಯವು ಇದ್ದಿತು, ಚಲಿಸುತ್ತಿತ್ತು. ಶಾಲೆಯ ಆಯದಲ್ಲಿ ಅದಕ್ಕೆ ಗೊತ್ತಾದ ದರವೂ ಇತ್ತು. ಗೃಹಸ್ಥನಿಂದ ಹೊರಟ ಆ ಹಣ ಶಾಲೆಯ ಬೊಕ್ಕಸದಲ್ಲಿ ನಿಂತು, ಅಲ್ಲಿಂದ ಅಕ್ಕಿಯಾಗಿ, ಎಣ್ಣೆಯಾಗಿ ಛಾತ್ರನನ್ನು ಮುಟ್ಟಿತು. ಹುಡುಗನು ನಾಣ್ಯವನ್ನು ಕಾಣದಿದ್ದುದು ದೇಶದಲ್ಲಿ ನಾಣ್ಯವಿಲ್ಲದೆ ಅಲ್ಲ. ನಡುವೆ ಒಂದು ಸಭೆ ನಿಂತು ಅದನ್ನು ಪರಿವರ್ತಿಸುತ್ತಿದ್ದುದರಿಂದ. ಕನ್ನಡ ಶಾಸನಗಳಲ್ಲಿ ದಾನಿಗಳು ಗದ್ಯಾಣಗಳನ್ನು ಮಹಾಜನರ ವಶಕ್ಕೆ ಕೊಟ್ಟು, ಮೂಲವನ್ನು ಕೆಡಿಸದೆ ಬಡ್ಡಿಯಿಂದ ಧರ್ಮವನ್ನು ನಡೆಯಿಸುವಂತೆ ಕಟ್ಟುಮಾಡಿದ ನಿದರ್ಶನಗಳು ಎಷ್ಟೋ ಇವೆ. ಅಲ್ಲಿಯೂ ಇದೇ ಕ್ರಮ. ಮಹಾಜನರು ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಬಲ್ಲವರು. ಛಾತ್ರನಿಗೆ ತಿಳಿದುದು ಎಲೆಯ ಮೇಲೆ ಬಿದ್ದ ಅನ್ನ ಮಾತ್ರ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ೧೦೫೮ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಕಟ್ಟಿಸಿದ ಘಟಿಕಾಶಾಲೆಯ ವಿವರ ಅದರಲ್ಲಿದೆ. ವೇದವನ್ನು ಓದುವವರು ೨೦೦, ಶಾಸ್ತ್ರವನ್ನು ಓದುವವರು ೫೨. ವೇದಕ್ಕೆ ಮೂವರು, ಭಟ್ಟದರ್ಶನ, ನ್ಯಾಸ, ಪ್ರಾಭಾಕರಗಳಿಗೆ ಮೂವರು ಉಪಾಧ್ಯಾಯರು. ಇವರಲ್ಲದೆ ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗರು ಆರು ಮಂದಿ. ೨೫೨ ಜನ ಛಾತ್ರರಿಗೆ ಆರು ಮಂದಿ ಭಂಡಾರಿಗರೆಂದರೆ ಓಲೆಯ ಪುಸ್ತಕವನ್ನು ಕೊಳ್ಳುವ ಇಲ್ಲವೆ ಪ್ರತಿ ಮಾಡಿಸುವ ವೆಚ್ಚವೂ ಛಾತ್ರನ ತಲೆಯ ಮೇಲೆ ಬೀಳುತ್ತಿರಲಿಲ್ಲವೆಂದು ತೋರುತ್ತದೆ. ದೀಪದ ಅನಂತರ ವಿದ್ಯಾರ್ಥಿಗೆ ಹಣ ಬೇಕಾಗುವುದು ಪುಸ್ತಕಕ್ಕೆ. ನಾಗಾವಿಯಲ್ಲಿ ಆ ದ್ವಾರವೂ ಮುಚ್ಚಿತ್ತು. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳ ಪಾಠವೂ, ದೀನರು, ಕುಂಟರು, ಕುರುಡರು, ಕಿವುಡರು, ಕ್ಷಪಣಕರು, ಪರಮಹಂಸರು ಮೊದಲಾದವರಿಗೆ ಅನ್ನವೂ, ರೋಗಿಗಳಿಗೆ ಔಷಧವೂ ಒಂದೇ ಉಸಿರಿನಲ್ಲಿ ಹೇಳಲ್ಪಟ್ಟಿವೆ. ಅಲ್ಲಿ ಓದುವವನಿಗೂ ಹಸಿದವನಿಗೂ ಒಂದೇ ಒಲೆ.

ಇಷ್ಟಾದರೂ ಈ ಕನ್ನಡ ನಾಡಿನ ಶಾಸನಗಳಿಂದ ಒಬ್ಬೊಬ್ಬ ಛಾತ್ರನ ಪಾಲೆಷ್ಟೆಂಬುದು ಹೊರಡದು. ಆ ಸೂಕ್ಷ್ಮವು ದೊರೆಯುವುದು ತಮಿಳು ನಾಡಿನ ಚೋಳಶಾಸನಗಳಲ್ಲಿ. ಈಗಿನ ವಿಳುಪ್ಪುರಂ ಜಿಲ್ಲೆಯ ಎಣ್ಣಾಯಿರದಲ್ಲಿ ಮೊದಲನೆಯ ರಾಜೇಂದ್ರನ (೧೦೧೪–೧೦೪೪) ಕಾಲದ ಶಾಸನವು ೩೪೦ ಛಾತ್ರರ, ೧೪ ಉಪಾಧ್ಯಾಯರ ವಿದ್ಯಾಸ್ಥಾನವೊಂದನ್ನು ತಿಳಿಸುತ್ತದೆ. ಕಿರಿಯ ಛಾತ್ರರು ೨೭೦. ಅವರಲ್ಲಿ ಋಗ್ವೇದಕ್ಕೆ ೭೫, ಯಜುರ್ವೇದಕ್ಕೆ ೭೫, ವ್ಯಾಕರಣದ ಪ್ರಥಮಪಾಠವಾದ ರೂಪಾವತಾರಕ್ಕೆ ೪೦. ಉಳಿದವರು ಸಾಮ, ವಾಜಸನೇಯ, ಅಥರ್ವಾದಿಗಳನ್ನು ಓದುವವರು. ಹಿರಿಯ ಛಾತ್ರರು ೭೦: ವ್ಯಾಕರಣಕ್ಕೆ ೨೫, ಪ್ರಾಭಾಕರ ಮೀಮಾಂಸೆಗೆ ೩೫, ವೇದಾಂತಕ್ಕೆ ೧೦. ಕಿರಿಯನಿಗೆ ದಿನಕ್ಕೆ ೬ ನಾಳಿ ಭತ್ತ. ಹಿರಿಯನಿಗೆ ಒಂದು ಕುರುಣಿ ಎರಡು ನಾಳಿ, ಎಂದರೆ ೧೦ ನಾಳಿ. ಎಂಟು ನಾಳಿಗೆ ಒಂದು ಕುರುಣಿ, ಹನ್ನೆರಡು ಕುರುಣಿಗೆ ಒಂದು ಕಲಂ. ಈ ಮಾನದಿಂದ ಲೆಕ್ಕ ಹಾಕಿದರೆ ಛಾತ್ರರಿಗೆಂದೇ ದಿನವೊಂದಕ್ಕೆ ೨೩೨೦ ನಾಳಿ, ಎಂದರೆ ೨೪ ಕಲಂ ೨ ಕುರುಣಿ ಭತ್ತ ಅಳೆಯಬೇಕು. ೩೬೦ ದಿನಗಳ ವರ್ಷಕ್ಕೆ ಕಿರಿಯನೊಬ್ಬನಿಗೆ ೨೨½ ಕಲಂ, ಹಿರಿಯನೊಬ್ಬನಿಗೆ ೩೭½ ಕಲಂ ಬೀಳುತ್ತದೆ. ಇದಕ್ಕೂ ಉಪಾಧ್ಯಾಯರ ಜೀವಿತಕ್ಕೂ ಸೇರಿ ೪೫ ವೇಲಿ ಭೂಮಿಯನ್ನು ಗ್ರಾಮಸಭೆಯು ಬಿಟ್ಟಿತ್ತು.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಕೊಟ್ಟುದು ಭತ್ತ, ಛಾತ್ರನು ಉಣ್ಣುವುದು ಅನ್ನ, ಅದರೊಡನೆ ಉಪ್ಪು, ಹುಳಿ, ಮಜ್ಜಿಗೆ, ಸೌದೆ. ಇವು ಎಲ್ಲಿಂದ ಬಂದವು? ಚೋಳಶಾಸನಗಳಲ್ಲಿ ಸಾಮಾನ್ಯವಾಗಿ ಐದು ಅಳತೆ ಭತ್ತಕ್ಕೆ ಎರಡು ಅಳತೆ ಅಕ್ಕಿಯೆಂಬ ಲೆಕ್ಕ ಕಾಣುತ್ತದೆ. ಆ ಪ್ರಕಾರ ಹಿರಿಯನ ೧೦ ನಾಳಿ ಭತ್ತಕ್ಕೆ ೪ ನಾಳಿ ಅಕ್ಕಿ ಬಂತು. ಅದು ಒಬ್ಬನ ದಿನದ ಊಟಕ್ಕೆ ಮಿಕ್ಕಿದುದೆಂದು ತೋರುತ್ತದೆ. ಆದಕಾರಣ ಮಿಕ್ಕ ಭತ್ತವೇ ಉಪ್ಪಿಗೂ ಸೌದೆಗೂ ವಿನಿಮಯವಾಗುತ್ತಿದ್ದಿರಬೇಕು. ಗ್ರಾಮದಲ್ಲಿ ಭತ್ತವು ಧಾನ್ಯವೂ ಹೌದು, ಹಣವೂ ಹೌದು. ಹಾಗೆ ನೋಡಿದರೆ ಛಾತ್ರನಿಗೆ ವ್ಯವಹಾರಜ್ಞಾನವು ಬೇಡವಾಗಿತ್ತೆನ್ನಲಾಗದು. ಮಳೆಗಾಲಕ್ಕೂ ಸುಗ್ಗಿಗೂ ಭತ್ತದ ಬೆಲೆ ಒಂದೇ ಅಲ್ಲವಷ್ಟೆ.

ಎಣ್ಣಾಯಿರದ ಶಾಸನದಲ್ಲಿ ಚಿನ್ನದ ಮಾತೂ ಬರುತ್ತದೆ. ಈ ವಿಚಾರಕ್ಕೆ ಮುಖ್ಯವಾದುದು ಅದೇ. ವರ್ಷಕ್ಕೆ ೬೧½ ಕಳಂಜು ಚಿನ್ನದ ವಿನಿಯೋಗವು ಹೀಗೆ: ವ್ಯಾಕರಣವನ್ನು ಹೇಳಿದವನಿಗೆ ಅಧ್ಯಾಯಕ್ಕೊಂದರಂತೆ ೮ ಕಳಂಜು, ಮೀಮಾಂಸೆಯನ್ನು ಹೇಳಿದವನಿಗೆ ಹಾಗೆಯೇ ೧೨, ವೇದಾಂತದ ಉಪಾಧ್ಯಾಯನನ್ನು ಬಿಟ್ಟು ಉಳಿದ ೧೩ ಉಪಾಧ್ಯಾಯರಿಗೆ ತಲೆಗೆ ಅರ್ಧ, ೭೦ ಮಂದಿ ಹಿರಿಯ ಛಾತ್ರರಿಗೆ ತಲೆಗೆ ಅರ್ಧದಂತೆ ೩೫. ವೇದಾಂತಿಗೆ ಭತ್ತವುಂಟು, ಚಿನ್ನವಿಲ್ಲ. ಬ್ರಹ್ಮವಿದ್ಯೆಗೆ ಬೆಲೆ ಕಟ್ಟಬಾರದೆಂಬ ಭಾವನೆಯಿಂದ ಹೀಗೆ ಮಾಡಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ವೇದಾಂತವನ್ನು ಓದುವ ಹತ್ತು ಜನ ಛಾತ್ರರಿಗೆ ಮಾತ್ರ ಚಿನ್ನ ತಪ್ಪಲಿಲ್ಲ. ೭೦ರ ಲೆಕ್ಕದಲ್ಲಿ ಅವರೂ ಸೇರ್ದವರೇ. ಬೋಧಿಸುವವನಿಗೆ ವೈರಾಗ್ಯ, ಕಲಿಯುವವನಿಗೆ ಅರ್ಧ ಕಳಂಜು! ಇರಲಿ. ವರ್ಷಕ್ಕೊಮ್ಮೆ ದೊರೆಯುತ್ತಿದ್ದ ಈ ಅರ್ಧ ಕಳಂಜೇ ಹಿರಿಯ ಛಾತ್ರನು ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ಧನ. ಭತ್ತವು ಉಂಡು ಮುಗಿಯುವುದು. ಚಿನ್ನವನ್ನು ಕೂಡಿಡಬಹುದು, ಊರಿಗೆ ಕಳುಹಬಹುದು, ಮುಂದಿನ ಗುರುವಿನ ಬಳಿಗೆ ಹೋಗುವ ದಾರಿಯ ಬುತ್ತಿಗೆ ಬಳಸಬಹುದು. ಕಿರಿಯನಿಗೆ ಇದರಲ್ಲಿ ಪಾಲಿರಲಿಲ್ಲ. ಹಣವನ್ನು ಆಳುವ ಸ್ವಾತಂತ್ರ್ಯವು ವಯಸ್ಸಿನೊಂದಿಗೂ ಶಾಸ್ತ್ರದೊಂದಿಗೂ ಬರತಕ್ಕದ್ದೆಂಬುದು ಆ ಸಭೆಯವರ ಅಭಿಪ್ರಾಯವಾಗಿದ್ದಿತೆಂದು ಇದರಿಂದ ಊಹಿಸಬಹುದು.

ವೀರರಾಜೇಂದ್ರನ (೧೦೬೩–೧೦೭೦) ಕಾಲದ ತಿರುಮುಕ್ಕೂಡಲಿನ ಶಾಸನದಲ್ಲಿ ಛಾತ್ರರ ಊಟದೊಡನೆ ಶನಿವಾರದ ಅಭ್ಯಂಜನಕ್ಕೆ ಎಣ್ಣೆ, ಮಲಗಲು ಚಾಪೆ, ರಾತ್ರಿಯ ದೀಪ ಇವೂ ಬರುತ್ತವೆ. ೧೫ ಹಾಸಿಗೆಗಳ ಆತುರಾಲಯವೂ ಪಕ್ಕದಲ್ಲಿತ್ತು. ತ್ರಿಭುವನಿಯ ೧೦೪೮ರ ಶಾಸನದಲ್ಲಿ ೨೬೦ ಛಾತ್ರರಿಗೂ ೧೨ ಉಪಾಧ್ಯಾಯರಿಗೂ ಗ್ರಾಮದ ವಾರಿಯಂಗಳ ಕೆಲಸದಿಂದ ಬಿಡುವು ಕೊಟ್ಟಿದೆ. ಅನ್ನದ ಋಣವನ್ನು ಊರಿನ ಕೆಲಸ ಮಾಡಿ ತೀರಿಸಬೇಕಾಗಿಲ್ಲವೆಂಬುದು ಇದರ ಸಾರಾಂಶ.

ಈಗ ವೆಚ್ಚವನ್ನು ಹೊತ್ತವರಾರೆಂಬ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಶಾಸನದಲ್ಲಿ ಹೆಸರು ಬರುವುದು ಮಂತ್ರಿಯದು, ದಂಡನಾಯಕನದು, ಅರಸನದು. ೫೦೦ ನಿವರ್ತನವನ್ನು ಉತ್ತವನ ಹೆಸರು ಅದರಲ್ಲಿಲ್ಲ. ನಾಲಂದೆಯ ವಿಷಯದಲ್ಲಿ ಚೀನದ ಯಾತ್ರಿಕ ಇತ್ಸಿಂಗನು ಇನ್ನೂರಕ್ಕೂ ಹೆಚ್ಚು ಗ್ರಾಮಗಳು ಆ ವಿಹಾರಕ್ಕೆ ಸೇರಿದ್ದವೆಂದು ಬರೆದಿದ್ದಾನೆ; ಅಲ್ಲಿಯ ಭಿಕ್ಷುಗಳು ನಿಶ್ಚಿಂತರಾಗಿ ಓದಿದುದು ಆ ಗ್ರಾಮಗಳ ಅಕ್ಕಿ ಬೆಣ್ಣೆಗಳಿಂದ. ಆದುದರಿಂದ ಪ್ರಾಚೀನ ವಿದ್ಯೆಯು ನಿಶ್ಶುಲ್ಕವಾಗಿತ್ತೆನ್ನುವಾಗ ಯಾರಿಗೆ ನಿಶ್ಶುಲ್ಕವೆಂಬುದನ್ನು ಸೇರಿಸಿ ಹೇಳಬೇಕು. ಸಾಲೋಟಗಿ, ನಾಗಾವಿ, ಎಣ್ಣಾಯಿರಗಳಲ್ಲಿ ಓದಿದವರು ಬಹುಮಟ್ಟಿಗೆ ದ್ವಿಜಪುತ್ರರು. ಹೊಲವನ್ನು ಉತ್ತವನ ಮಗನು ಅಲ್ಲಿ ಕುಳಿತು ಓದಿದನೆಂಬುದಕ್ಕೆ ಆ ಕಲ್ಲುಗಳಲ್ಲಿ ಒಂದಕ್ಷರವೂ ಇಲ್ಲ. ಮಗಳ ಮಾತಂತೂ ದೂರ. ಕಳಮುಖರ ಹಾಗೂ ಜೈನರ ಮಠ ಬಸದಿಗಳ ಆಹಾರದಾನ ಶಾಸ್ತ್ರದಾನಗಳು ಇದಕ್ಕಿಂತ ಸ್ವಲ್ಪ ವಿಶಾಲವಾದ ವೃತ್ತದಲ್ಲಿ ನಡೆದುವು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೊಯ್ಸಳರ ದಂಡನಾಯಕ ಪೆರುಮಾಳೆಯು ತಲಕಾಡಿನ ಸಮೀಪದ ಮಾಳಂಗಿಯಲ್ಲಿ ವೇದದೊಡನೆ ನಾಗರ, ಕನ್ನಡ, ತಿಗುಳ, ಆರ್ಯವೆಂಬ ಲಿಪಿಭಾಷೆಗಳನ್ನು ಓದಿಸುವುದಕ್ಕೂ ದತ್ತಿ ಬಿಟ್ಟುದು ವಿಶೇಷ; ಲೆಕ್ಕಪತ್ರಗಳನ್ನು ಬರೆಯಬೇಕಾದವರಿಗೆ ಬೇಕಾದ ವಿದ್ಯೆಯದು.

ಛಾತ್ರನಿಗಿದ್ದ ರಕ್ಷಣೆಯೂ ದುರ್ಬಲವಾದುದು. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪಶ್ಲೋಕವೇ ಕೊನೆಯ ಕಾವಲು. ಮಹಾಜನರು ಪ್ರಾಮಾಣಿಕರಾಗಿರುವಷ್ಟು ಕಾಲ ಎಲೆಯ ಮೇಲೆ ಅನ್ನ ಬೀಳುತ್ತಿತ್ತು. ತನ್ನ ಪಾಲು ಎಷ್ಟೆಂದು ಕಲ್ಲಿನ ಮೇಲೆ ಓದಿ ತಿಳಿಯಬಲ್ಲವನಾದರೂ, ಕೊಳಗವು ಕಿರಿದಾದರೆ ಕೇಳಲು ಛಾತ್ರನಿಗೆ ಸ್ಥಾನವಿರಲಿಲ್ಲ.

ದತ್ತಿಗಳು ಕ್ಷೀಣಿಸಿದ ಕಾಲದಲ್ಲಿ ಕನ್ನಡ ನಾಡಿನ ಬಡ ವಿದ್ಯಾರ್ಥಿಯನ್ನು ಸಾಕಿದುದು ವಾರಾನ್ನ. ಏಳು ಮನೆಗಳನ್ನು ಗೊತ್ತುಮಾಡಿಕೊಂಡು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಈ ಪದ್ಧತಿಯು ಮೈಸೂರು, ಬೆಂಗಳೂರು, ಧಾರವಾಡಗಳಂಥ ವಿದ್ಯಾಕೇಂದ್ರಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ನಡೆಯುತ್ತಿದ್ದಿತು. ಒಬ್ಬನ ಅನ್ನವನ್ನೇ ನಿತ್ಯವೂ ಉಣ್ಣಬಾರದೆಂಬ ಸ್ಮೃತಿಯ ವಿಧಿಯು ಇಲ್ಲಿ ತಾನಾಗಿಯೇ ಪಾಲಿತವಾಯಿತು. ಅಗ್ರಹಾರದ ಛಾತ್ರನಿಗೆ ಬೇಡವಾಗಿದ್ದ ಲೆಕ್ಕವು ವಾರಾನ್ನದ ಹುಡುಗನಿಗೆ ಅನಿವಾರ್ಯವಾಯಿತೆಂಬುದು ಇಲ್ಲಿಯ ಸ್ವಾರಸ್ಯ. ಯಾವ ಮನೆಯಲ್ಲಿ ಹೊತ್ತಿಗೆ ಮುಂಚೆ ಎಲೆ ಹಾಕುತ್ತಾರೆ, ಯಾವ ಮನೆಯಲ್ಲಿ ಪಾಠಶಾಲೆಗೆ ತಡವಾಗುತ್ತದೆ, ಯಾರಿಗೆ ಹೂವು ಬಿಡಿಸಿ ಕೊಡಬೇಕು, ಯಾರ ಮಕ್ಕಳಿಗೆ ಮಗ್ಗಿ ಹೇಳಿಸಬೇಕು, ಗುರುವಾರದ ಮನೆಯವರು ಊರಿಗೆ ಹೋದರೆ ಆ ದಿನಕ್ಕೆ ಯಾರನ್ನು ಕೇಳಬೇಕು ಎಂಬುದೆಲ್ಲ ಆತನ ತಲೆಯಲ್ಲಿ ಇರಬೇಕು. ಒಂದು ಮನೆಯಲ್ಲಿ ಸೂತಕ ಬಂದರೆ ಹತ್ತು ದಿನದೊಳಗೆ ಬೀಳುವ ವಾರವೆಲ್ಲ ಖಾಲಿ. ಏಳು ಮನೆಯ ಗೃಹಿಣಿಯರ ಮುಖಭಾವವನ್ನು ಓದುವುದು ಒಂದು ಶಾಸ್ತ್ರವೇ ಆಗಿದ್ದಿತು. ವಾರಾನ್ನವೂ ಜಾತಿಯ ಎಲ್ಲೆಯೊಳಗೆ ನಡೆದುದು. ಆ ಎಲ್ಲೆಯ ಹೊರಗೆ ಇದ್ದವರಿಗೆ ಏಳು ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ.

ವಾರಾನ್ನದಿಂದ ಹೊಟ್ಟೆ ತುಂಬುತ್ತಿತ್ತು. ಪರೀಕ್ಷೆಯ ಶುಲ್ಕ ಹುಟ್ಟುತ್ತಿರಲಿಲ್ಲ. ೧೮೫೭ರಲ್ಲಿ ಮದರಾಸು, ಮುಂಬಯಿ ವಿಶ್ವವಿದ್ಯಾನಿಲಯಗಳೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಈ ಹೊಸ ಸಂಸ್ಥೆಗಳಲ್ಲಿ ಶುಲ್ಕವನ್ನು ನಾಣ್ಯದಲ್ಲಿ, ಗೊತ್ತಾದ ದಿನದೊಳಗೆ, ವಿದ್ಯಾರ್ಥಿಯ ಹೆಸರಿನಲ್ಲಿ ಕಟ್ಟಬೇಕು. ಸಮಾವರ್ತನದ ಅನಂತರ ಸಲ್ಲಬೇಕಾಗಿದ್ದ ದಕ್ಷಿಣೆಯು ಅಧ್ಯಯನದ ಮೊದಲಿಗೆ ಬಂದು ನಿಂತಿತು. ಸಾವಿರ ವರ್ಷ ಸಭೆಯ ಬೊಕ್ಕಸದಲ್ಲಿಯೇ ಉಳಿದಿದ್ದ ನಾಣ್ಯವು ವಿದ್ಯಾರ್ಥಿಯ ಕೈಗೆ ಬಂದು ಆತನ ನಿದ್ರೆಯನ್ನು ಕೆಡಿಸಿದುದು ಅಂದಿನಿಂದ. ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದನ್ನು ಸಾಗಿಸಿದರು. ತಕ್ಷಶಿಲೆಯ ಧರ್ಮಾಂತೇವಾಸಿಯು ಹಗಲು ದುಡಿದು ರಾತ್ರಿ ಓದಿದಂತೆಯೇ ಇದು; ದುಡಿಮೆಯು ಗುರುವಿನ ಮನೆಯನ್ನು ಬಿಟ್ಟು ಪರರ ಮನೆಗೆ ಹೋಯಿತೆಂಬುದಷ್ಟೆ ಭೇದ. ಮಠಗಳು ಜೋಳಿಗೆಯ ಕ್ರಮವನ್ನು ಬಿಡಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ (೧೯೦೭–೨೦೧೯) ಕಾಲದಲ್ಲಿ ಸಾವಿರಗಟ್ಟಲೆ ಹುಡುಗರು ಜಾತಿಯ ನಿರ್ಬಂಧವಿಲ್ಲದೆ ಉಂಡು ಓದಿದರು. ಸುತ್ತಣ ಹಳ್ಳಿಗಳ ರೈತರು ಗಾಡಿಗಳಲ್ಲಿ ತಂದ ರಾಗಿ ಅಕ್ಕಿಗಳು ಆ ದಾಸೋಹಕ್ಕೆ ಆಧಾರವಾಗಿದ್ದುವು. ಅಲ್ಲಿ ಉತ್ತವನ ಮಗನೂ ಪಂಕ್ತಿಯಲ್ಲಿ ಕುಳಿತನು.

ಕರ್ನಾಟಕ ಸರ್ಕಾರವು ೨೦೧೩–೧೪ರಲ್ಲಿ ಆರಂಭಿಸಿದ ವಿದ್ಯಾಸಿರಿ ಯೋಜನೆಯನ್ನು ಈ ಪರಂಪರೆಯ ಮುಂದಿಟ್ಟು ನೋಡಿದರೆ ಕಾಲದ ತಿರುವು ತಿಳಿಯುತ್ತದೆ. ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಗಳಿಗೆಂದು ತಿಂಗಳಿಗೆ ೧೫೦೦ ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಅದರಲ್ಲಿ ಕೊಡಲಾಯಿತು. ಈ ಹಣ ಅಕ್ಕಿಯಾಗಿ ಬರುವುದಿಲ್ಲ. ವಿದ್ಯಾರ್ಥಿಯ ಬ್ಯಾಂಕಿನ ಖಾತೆಗೆ ಅಂಕಿಯಾಗಿ ಬರುತ್ತದೆ. ಗುರುವೂ ಮಹಾಜನರೂ ನಡುವೆ ಇಲ್ಲ. ಬಂದ ದಿನವನ್ನೂ ಮೊತ್ತವನ್ನೂ ಮೊಬೈಲು ತಿಳಿಸುತ್ತದೆ. ತಡವಾದರೆ ತಡವಾಯಿತೆಂಬುದೂ ಗೊತ್ತಾಗುತ್ತದೆ. ಅದನ್ನು ಮೂವತ್ತು ದಿನಕ್ಕೆ ಹಂಚುವ ಕೆಲಸ ಆತನದು, ಆಕೆಯದು. ಹಿಂದೆ ಎಣ್ಣಾಯಿರದಲ್ಲಿ ಎಪ್ಪತ್ತು ಮಂದಿ ಹಿರಿಯರಿಗೆ ವರ್ಷಕ್ಕೊಮ್ಮೆ ಬಂದ ಸ್ವಾತಂತ್ರ್ಯವು ಹದಿನೇಳರ ಹುಡುಗಿಗೆ ತಿಂಗಳಿಗೊಮ್ಮೆ ಬಂದಿದೆ. ಹಾಸ್ಟೆಲುಗಳಲ್ಲಿ ಮಾತ್ರ ಹಳೆಯ ಪಾಲಿನ ಕ್ರಮವು ಇನ್ನೂ ಕಾಣಸಿಗುತ್ತದೆ. ತಿಂಗಳ ಅಕ್ಕಿ, ಬೇಳೆ, ತರಕಾರಿ, ಅನಿಲಗಳ ಮೊತ್ತವನ್ನು ಉಂಡವರ ದಿನಗಳಿಂದ ಭಾಗಿಸಿ ತಲೆಗಿಷ್ಟೆಂದು ಗೋಡೆಗೆ ಹಚ್ಚುತ್ತಾರೆ. ಊರಿಗೆ ಹೋದವನು ತನ್ನ ದಿನಗಳನ್ನು ಕಳೆಯಿಸಿಕೊಳ್ಳುತ್ತಾನೆ. ಆ ಕಾಗದದ ಮುಂದೆ ನಿಂತು ಅಂಕಿಗಳನ್ನು ಮತ್ತೆ ಕೂಡಿ ನೋಡುವವರು ವಿದ್ಯಾರ್ಥಿಗಳೇ.